ಒದ್ದೆ ತಾಟು, ನೀಲಿ ಗುಳಿಗೆ

ಭಾಗ್ಯಾ ಬಿದ್ದದ್ದು ಬಿಸಿಲಿಗಲ್ಲ, ಓಟಕ್ಕಲ್ಲ, ಯಾರ ಕಣ್ಣು ತಾಗಿಯೂ ಅಲ್ಲ. ಉಪವಾಸದ ಹೊಟ್ಟೆಗೆ ನಾನು ಕೊಟ್ಟ ಗುಳಿಗೆಯಿಂದ ಬಿದ್ದಳು. ಅವಳು ಉಂಡಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ, ಆಮೇಲೆ ಡಾಕ್ಟರರ ಮುಂದೆ ಸುಳ್ಳು ಹೇಳಿದೆ. ಶಾಲೆಯ ಪುಸ್ತಕದಲ್ಲಿ ಇವತ್ತಿಗೂ ಬಿಸಿಲಿನ ತಾಪ ಎಂದೇ ಇದೆಯಂತೆ. ಬರೆದವರು ಬರೆದುಕೊಂಡಿದ್ದಾರೆ, ಇರಲಿ. ನಡೆದದ್ದನ್ನು ನಾನು ಹೇಳುತ್ತೇನೆ.

ನನ್ನ ಹೆಸರು ಗಂಗವ್ವ. ನಾಲ್ಕನೇ ಇಯತ್ತೆ ಕಲಿತವಳು. ಕುಂದಗೋಳದಿಂದ ಸಂಶಿಗೆ ಹೋಗುವ ಕಡೆಯ ಒಂದು ಊರಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದೆ. ಒಂದರಿಂದ ಹತ್ತನೇ ಇಯತ್ತೆಯವರೆಗೆ ಎಲ್ಲವೂ ಒಂದೇ ಕಂಪೌಂಡಿನೊಳಗೆ. ಅರವತ್ತು ತುಂಬಿದ ಮೇಲೆ ಶಾಲು ಹೊದಿಸಿ ಮನೆಗೆ ಕಳಿಸಿದರು. ನನ್ನ ಜಾಗಕ್ಕೆ ಬಂದವಳು ನನ್ನ ಸೊಸೆಯ ವಯಸ್ಸಿನವಳು. ಮೊದಲ ದಿನವೇ ಕೇಳಿದಳು: "ಆಯಿ, ಬೇಯಿಸೂದು ಬಡಸೂದು, ಅಷ್ಟ ಅಲ್ಲೇನ್ರಿ ಕೆಲಸ?" ಅಷ್ಟೇ ಆಗಿದ್ದರೆ ಇದನ್ನು ಬರೆಯುವ ಗರಜು ನನಗೆ ಇರಲಿಲ್ಲ. ಬರೆದದ್ದು ನಾನು, ಕಾಗುಣಿತ ತಿದ್ದಿದವಳು ಮೊಮ್ಮಗಳು.

ಮೊದಲು ಒಂದು ಸಣ್ಣ ತಪ್ಪು ಹೇಳುತ್ತೇನೆ. ನಾನು ಸೇರಿದ ಹೊಸತರಲ್ಲಿ ಒಂದನೇ ಎರಡನೇ ಇಯತ್ತೆಯ ಮಕ್ಕಳು ಊಟ ಮಾಡಿ ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಳ್ಳುತ್ತಿದ್ದವು. ಬೇಳೆಯಲ್ಲಿ ಏನೋ ಇದೆ ಎಂದು ಮೂರು ಮೂರು ಸಲ ಆರಿಸಿದೆ. ಪಾತ್ರೆ ತಿಕ್ಕಿ ತಿಕ್ಕಿ ಕೈ ಸುಲಿಯಿತು. ತಾಯಂದಿರು ಬಾಗಿಲಿಗೆ ಬಂದು ನಿಂತು, ನಿನ್ನ ಕೈಯಾಗ ಏನೈತಿ ತೋರಿಸು ಎಂದು ಕೇಳುವ ಮಟ್ಟಕ್ಕೆ ಹೋಯಿತು. ತಿಂಗಳ ಮೇಲೆ ನನಗೆ ಹೊಳೆಯಿತು, ವಾಂತಿ ಆಗುವುದು ಬುಧವಾರ ಮತ್ತು ಶುಕ್ರವಾರ ಮಾತ್ರ. ಆ ಎರಡು ದಿನ ಊಟದ ಗಂಟೆ ಮುಗಿದ ಕೂಡಲೇ ಸಣ್ಣವರಿಗೆ ಡ್ರಿಲ್ ಇರುತ್ತಿತ್ತು. ತುಂಬಿದ ಹೊಟ್ಟೆಯ ಮಕ್ಕಳನ್ನು ಬಿಸಿಲಲ್ಲಿ ಜಿಗಿಸಿದರೆ ಇನ್ನೇನಾಗುತ್ತದೆ? ಆಗಿನ ಡ್ರಿಲ್ ಮಾಸ್ತರರಿಗೆ ಹೋಗಿ ಹೇಳಿದೆ. ಅವರು ಕೊರಳಲ್ಲಿನ ಸೀಟಿ ಕೈಯಲ್ಲಿ ಹಿಡಿದುಕೊಂಡು, "ಗಂಗವ್ವ, ನೀ ಸಾರು ನೋಡ್ಕೋ, ಸೀಟಿ ನಾ ನೋಡ್ಕೋತೀನಿ" ಎಂದರು. ಆಗ ನಾನು ಮಾಡಿದ್ದೇನು? ಆ ಎರಡು ದಿನ ಸಣ್ಣವರಿಗೆ ಅರ್ಧ ಸೌಟು ಬಡಿಸಿದೆ. ವಾಂತಿ ನಿಂತಿತು. ಎರಡು ವರ್ಷ ಆ ಮಕ್ಕಳು ವಾರಕ್ಕೆರಡು ದಿನ ಅರೆಹೊಟ್ಟೆಯಲ್ಲಿ ಮನೆಗೆ ಹೋದವು, ನಾನು ಜಾಣೆ ಎಂದುಕೊಂಡೆ. ಜಾಣತನ ಅಲ್ಲ ಅದು, ಜಗಳ ತಪ್ಪಿಸಿಕೊಂಡದ್ದು. ಆ ಚಟ ಮುಂದೆ ನನ್ನನ್ನು ಬಿಡಲಿಲ್ಲ.

ಆ ಡ್ರಿಲ್ ಮಾಸ್ತರರು ನಿವೃತ್ತರಾದ ಮೇಲೆ ಅವರ ಜಾಗಕ್ಕೆ ತಳವಾರ ಸರ್ ಬಂದರು, ನವಲಗುಂದದ ಕಡೆಯವರು. ಬಂದ ದಿನವೇ ಅಡುಗೆಮನೆಗೆ ಬಂದು, ಮಕ್ಕಳು ಎಷ್ಟು ಗಂಟೆಗೆ ಉಣ್ಣುತ್ತಾರೆ, ಯಾವ ದಿನ ಯಾರು ಕಡಿಮೆ ಉಣ್ಣುತ್ತಾರೆ ಎಂದು ನನ್ನನ್ನು ಕೇಳಿದರು. ಅಲ್ಲಿಯವರೆಗೆ ಯಾವ ಮಾಸ್ತರರೂ ನನ್ನನ್ನು ಏನೂ ಕೇಳಿರಲಿಲ್ಲ, ಉಪ್ಪು ಹೆಚ್ಚಾಗಿದೆ ಎಂದು ಹೇಳಲು ಮಾತ್ರ ಬರುತ್ತಿದ್ದರು. ಸಣ್ಣವರ ಡ್ರಿಲ್ ಬೆಳಿಗ್ಗೆಗೆ ಹೋಯಿತು. ಡ್ರಿಲ್ ಎನ್ನುವುದಕ್ಕಿಂತ ಕೆರೆ ದಡ, ಕುಂಟಾಟ, ಅಂಥ ಆಟಗಳು. ದೊಡ್ಡವರದ್ದು ಕಡೆಯ ತಾಸಿಗೆ. ಕಣ್ಣಿನ ಕೆಳಗಿನ ರೆಪ್ಪೆ ಜಗ್ಗಿ ಒಳಗೆ ಬೆಳ್ಳಗಿದ್ದರೆ ರಕ್ತ ಕಡಿಮೆ ಎಂದು ನನಗೂ ತೋರಿಸಿಕೊಟ್ಟರು. ಊಟದ ಸಾಲಿನಲ್ಲಿ ನಾನೂ ಜಗ್ಗಿ ನೋಡತೊಡಗಿದೆ.

ಹೊಸಬರಿಗೆ ಇಷ್ಟು ಹೇಳುತ್ತೇನೆ. ಸಣ್ಣ ಮಕ್ಕಳು ಸುಳ್ಳು ಹೇಳುವುದಿಲ್ಲ, ಹೊಟ್ಟೆ ನೋವು ಅಂದರೆ ಹೊಟ್ಟೆ ನೋವೇ. ನಾಲ್ಕು ಐದನೇ ಇಯತ್ತೆಗೆ ಬಂದಾಗ ಆಟಕ್ಕಾಗಿ ಊಟ ಬಿಡುತ್ತಾರೆ, ತಾಟಿನಲ್ಲಿ ಅರ್ಧ ಹಾಗೇ ಇಟ್ಟು ಓಡುತ್ತಾರೆ. ಏಳು ಎಂಟನೇ ಇಯತ್ತೆಯ ಹೆಣ್ಣುಮಕ್ಕಳನ್ನು ಕಣ್ಣಿಟ್ಟು ನೋಡಬೇಕು. ಮೈ ಬೆಳೆಯುವ ಹೊತ್ತಿಗೇ ಅವರಿಗೆ ಊಟದ ಮೇಲೆ ನಾಚಿಕೆ ಹುಟ್ಟುತ್ತದೆ. ಇನ್ನೊಂದು ಸೌಟು ಎಂದು ಬಾಯಿಬಿಟ್ಟು ಕೇಳುವುದಿಲ್ಲ. ಗಂಡುಮಕ್ಕಳು ಅದೇ ವಯಸ್ಸಿನಲ್ಲಿ ಮೂರು ಸಲ ಬರುತ್ತಾರೆ. ಮುಟ್ಟಾದ ಹುಡುಗಿಯರು ಮೈದಾನಕ್ಕೆ ಬರಲು ಹಿಂಜರಿದಾಗ ತಳವಾರ ಸರ್ ಯಾಕೆ ಎಂದು ಕೇಳುತ್ತಿರಲಿಲ್ಲ. ಪ್ರತಿ ದಿನ ಇಬ್ಬರು ಮೂವರನ್ನು ಸುತ್ತು ಎಣಿಸಲು ಪಾತ್ರೆ ತೊಳೆದು ಮೈದಾನದ ಬದಿಗೆ ಬಂದು ಕೂರುತ್ತಿದ್ದ ನನ್ನ ಬಾಜು ನಿಲ್ಲಿಸುತ್ತಿದ್ದರು. ಯಾರು ಯಾತಕ್ಕೆ ನಿಂತರು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಇನ್ನು ಗುಳಿಗೆ. ಆರನೇ ಇಯತ್ತೆಯಿಂದ ಮೇಲಿನವರಿಗೆ ರಕ್ತ ಹೆಚ್ಚಿಸುವ ನೀಲಿ ಗುಳಿಗೆ, ವಾರಕ್ಕೊಂದು, ಸೋಮವಾರ ಊಟವಾದ ಮೇಲೆ. ಕೊಡಬೇಕಾದವರು ಮಾಸ್ತರರು. ಉಂಡವರು ಯಾರು ಎಂದು ಅಡುಗೆಯವರಿಗೇ ಗೊತ್ತು ಎಂದು ನಮ್ಮ ಮುಖ್ಯ ಶಿಕ್ಷಕಿ ಹೆಡ್ ಅಕ್ಕೋರು ಗುಳಿಗೆಯನ್ನೂ ಅದರ ಲೆಕ್ಕದ ಪುಸ್ತಕವನ್ನೂ ನನ್ನ ಕೈಗೆ ಕೊಟ್ಟರು. ಮೊದಲ ವರ್ಷ ಮಕ್ಕಳು ಗುಳಿಗೆ ಬಾಯಲ್ಲಿಟ್ಟುಕೊಂಡು ಹೋಗಿ ಕೈ ತೊಳೆಯುವ ಕಟ್ಟೆಯ ಹಿಂದೆ ಉಗುಳಿದರು. ಮಳೆ ಬಂದು ಗೋಡೆಯ ಬುಡಕ್ಕೆಲ್ಲ ನೀಲಿ ಇಳಿದಾಗ ಸಿಕ್ಕುಬಿದ್ದರು. ಆಗ ನಾನೊಂದು ಪದ್ಧತಿ ಮಾಡಿದೆ. ಉಂಡು, ತಾಟು ತೊಳೆದು, ಒದ್ದೆ ತಾಟು ತೋರಿಸಬೇಕು. ನನ್ನ ಮುಂದೆಯೇ ಗುಳಿಗೆ ನುಂಗಿ ಬಾಯಿ ತೆರೆಯಬೇಕು. ಆಮೇಲೆ ಪುಸ್ತಕದಲ್ಲಿ ಹೆಸರಿನ ಮುಂದಿನ ಮನೆಯಲ್ಲಿ ಟಿಕ್. ಒಂದೂ ಮನೆ ಖಾಲಿ ಇಲ್ಲದ ಹಾಳೆ ನೋಡಿ ಅಕ್ಕೋರು ಬೇರೆ ಶಾಲೆಯವರಿಗೆ ತೋರಿಸುತ್ತಿದ್ದರು. ನನಗೆ ಸೊಕ್ಕು ಬಂತು. ಆರೋಗ್ಯ ತಪಾಸಣೆಯಲ್ಲಿ ಓಟದ ಇಬ್ಬರು ಹುಡುಗಿಯರಿಗೆ ರಕ್ತ ಕಡಿಮೆ ಎಂದು ಬಂದ ಮೇಲೆ ತಳವಾರ ಸರ್ ಒಂದು ನಿಯಮ ಹಾಕಿದರು: ಟಿಕ್ ಇಲ್ಲದವರು ತಂಡದಲ್ಲಿಲ್ಲ.

ಇಲ್ಲಿಗೆ ಎಲ್ಲ ಸರಿ. ನಾವು ಯಾರೂ ಯೋಚಿಸದೆ ಬಿಟ್ಟದ್ದು ಶ್ರಾವಣ.

ನಮ್ಮೂರಲ್ಲಿ ಶ್ರಾವಣ ಸೋಮವಾರ ಹೆಣ್ಣುಮಕ್ಕಳು ಸಂಜೆ ಬಸವಣ್ಣನ ಗುಡಿಗೆ ಹೋಗಿ ಬರುವವರೆಗೆ ಏನೂ ತಿನ್ನುವುದಿಲ್ಲ. ಕೆಲವರು ನೀರೂ ಕುಡಿಯುವುದಿಲ್ಲ. ಮನೆಯಲ್ಲಿ ಅವ್ವ ಹಿಡಿದರೆ ಮಗಳೂ ಹಿಡಿಯಬೇಕು. ನಾನೂ ಮದುವೆಯಾಗಿ ಬಂದಾಗಿನಿಂದ ಹಿಡಿದವಳು. ಆ ವರ್ಷ ಶ್ರಾವಣದ ಒಂದು ಸೋಮವಾರ ಕಡೆಯ ತಾಸಿಗೆ ವಲಯದ ಕ್ರೀಡೆಗೆ ಹುಡುಗಿಯರನ್ನು ಆರಿಸುವ ಓಟ ಇತ್ತು. ಭಾಗ್ಯಾ ಒಂಬತ್ತನೇ ಇಯತ್ತೆ. ಎಂಟುನೂರು ಮೀಟರಿನಲ್ಲಿ ಅವಳನ್ನು ಹಿಡಿಯುವವರು ಯಾರೂ ಇರಲಿಲ್ಲ. ಅವಳವ್ವ ಶಾಂತವ್ವ ನಮ್ಮ ಓಣಿಯವಳೇ, ವ್ರತದಲ್ಲಿ ಬಲು ಗಟ್ಟಿ.

ಊಟದ ಹೊತ್ತಿಗೆ ಭಾಗ್ಯಾ ಒದ್ದೆ ತಾಟು ಹಿಡಿದು ನನ್ನ ಮುಂದೆ ಬಂದು ನಿಂತಳು. ತಾಟು ಒದ್ದೆಯಿತ್ತು, ಸಾರಿನ ಜಿಡ್ಡು ಇರಲಿಲ್ಲ. ನಮ್ಮ ಕಟ್ಟೆಯ ತಣ್ಣೀರಿನಲ್ಲಿ ಯಾವ ತಾಟಿನ ಜಿಡ್ಡೂ ಹಾಗೆ ಹೋಗುವುದಿಲ್ಲ. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಟಿಕ್ ಹಾಕದಿದ್ದರೆ ಹುಡುಗಿ ಓಡುವುದಿಲ್ಲ, ನನ್ನ ಹಾಳೆಯಲ್ಲಿ ಮನೆ ಖಾಲಿ ಉಳಿಯುತ್ತದೆ. ದೇವರ ಉಪವಾಸ, ಏನಾಗುತ್ತದೆ ಎಂದುಕೊಂಡೆ. ಗುಳಿಗೆ ಕೊಟ್ಟೆ. ನುಂಗಿದಳು, ಬಾಯಿ ತೆರೆದಳು, ಟಿಕ್ ಹಾಕಿದೆ. ಅವಳ ಹಿಂದೆ ಇನ್ನೂ ಹದಿನೈದು ಇಪ್ಪತ್ತು ಹುಡುಗಿಯರು ಹಾಗೆಯೇ ಬಂದರು, ಹಾಗೆಯೇ ಕೊಟ್ಟೆ. ನನ್ನ ಜೊತೆಗೆ ಅಡುಗೆ ಮಾಡುತ್ತಿದ್ದ ಮಾಬೂಬಿ ಪಾತ್ರೆಯಲ್ಲಿ ಇಣುಕಿ, "ಅಕ್ಕಾ, ಅರ್ಧ ಸಾರು ಉಳದೈತಿ. ನಿನ್ನ ಪುಸ್ತಕದಾಗ ಎಲ್ಲಾರೂ ಉಂಡಾರ, ಈ ಸಾರು ಯಾರದು?" ಎಂದಳು. ನಿಮ್ಮ ಎಮ್ಮೆಗೆ ಒಯ್ಯಿ, ಸುಮ್ಮನಿರು ಎಂದೆ.

ಮೈದಾನ ಎರೆಮಣ್ಣು, ಮಳೆ ಬಿದ್ದು ಕಾಲಿಗೆ ಮೆತ್ತುತ್ತಿತ್ತು. ಅದಕ್ಕೆ ಡಾಂಬರು ರಸ್ತೆಯಲ್ಲಿ ಹಳ್ಳದ ಸಣ್ಣ ಸಿಡಿ ಸೇತುವೆಯವರೆಗೆ ಹೋಗಿ ಬರುವ ಓಟ. ಮೋಡದ ಸಂದಿಯಿಂದ ಬಿಸಿಲು ಚುಚ್ಚುತ್ತಿತ್ತು. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ತಳವಾರ ಸರ್ ಕೇಳಿದರು, "ಎಲ್ಲಾರೂ ಉಂಡೀರಿಲ್ಲೋ?" ಹೌದ್ರಿ ಸರ್ ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ಅವರು ನನ್ನ ಕಡೆ ತಿರುಗಿದರು. ನಾನು ತಲೆ ಆಡಿಸಿದೆ.

ಭಾಗ್ಯಾ ಹೋಗುವಾಗ ಎಲ್ಲರಿಗಿಂತ ಮುಂದಿದ್ದಳು. ಸೇತುವೆ ಮುಟ್ಟಿ ತಿರುಗಿದವಳು ಎರಡು ಹೆಜ್ಜೆ ಅಡ್ಡ ಹಾಕಿದಳು, ಬಗ್ಗಿದಳು, ಹಾಗೇ ಮುಂದಕ್ಕೆ ಬಿದ್ದಳು. ಹಣೆ ಕಲ್ಲಿಗೆ ಬಡಿಯಿತು. ನಾವು ಹೋಗಿ ಮುಟ್ಟುವಷ್ಟರಲ್ಲಿ ಕಣ್ಣು ಮೇಲಾಗಿದ್ದವು. ಸರ್ ಅವಳನ್ನು ಮಗ್ಗುಲಿಗೆ ತಿರುಗಿಸಿ ಹೆಗಲು ಹಿಡಿದು ಕರೆಯುತ್ತಿದ್ದರು, ಮಾತಿಲ್ಲ. ಬಾಯಿಂದ ವಾಂತಿ ಬಂತು. ಅದರಲ್ಲಿ ಒಂದು ಅಗುಳೂ ಇರಲಿಲ್ಲ. ಬರೀ ನೀರು, ನೀಲಿ ಬಣ್ಣದ ನೀರು. ಅದನ್ನು ನೋಡಿದವಳು ನಾನೊಬ್ಬಳೇ. ಎಲ್ಲರೂ ಹಣೆಯ ರಕ್ತ ನೋಡುತ್ತಿದ್ದರು. ಬಾಜು ಮನೆಯಿಂದ ಯಾರೋ ಕೊಡ ತಂದರು. ನಾನು ಹುಡುಗಿಯ ಮುಖಕ್ಕೆ ಒಂದು ಬೊಗಸೆ ಹಾಕಿ, ಉಳಿದ ನೀರನ್ನು ವಾಂತಿಯ ಮೇಲೆ ಸುರಿದು ರಸ್ತೆ ತೊಳೆದೆ. ಸ್ವಚ್ಛ ಮಾಡಿದಳು ಎಂದು ಎಲ್ಲರೂ ತಿಳಿದರು.

ಟಂಟಂ ಆಟೋದಲ್ಲಿ ಹಾಕಿಕೊಂಡು ತಾಲೂಕಿನ ದವಾಖಾನೆಗೆ ಹೋದೆವು. ದಾರಿಯಲ್ಲಿ ಒಂದು ಸಲ ಕಣ್ಣು ಬಿಟ್ಟಳು, ಮತ್ತೆ ಮುಚ್ಚಿದಳು. ಸಲೈನ್ ಹಚ್ಚಿ, ಹಣೆಗೆ ಹೊಲಿಗೆ ಹಾಕಿ ಡಾಕ್ಟರರು ಹೊರಗೆ ಬಂದರು.

"ಮಧ್ಯಾಹ್ನ ಏನ್ ಉಂಡಾಳ?"

ತಳವಾರ ಸರ್ ನನ್ನ ಮುಖ ನೋಡಿದರು.

"ಅನ್ನ ಸಾರು ಉಂಡಾಳ್ರಿ" ಎಂದೆ.

"ಗುಳಿಗಿ ಏನರ ಕೊಟ್ಟೀರೇನು?"

"ಉಂಡ ಮ್ಯಾಲೆ ಕೊಟ್ಟೀನ್ರಿ."

ಡಾಕ್ಟರರು ಪೆನ್ನು ತೆಗೆದರು. ಹೊಟ್ಟೆ ತುಂಬಿದ, ದಿನಾ ಓಡುವ ಹುಡುಗಿ ಓಡುತ್ತ ಓಡುತ್ತ ಬಿದ್ದರೆ ಹೃದಯ ನೋಡಲೇಬೇಕು, ಹುಬ್ಬಳ್ಳಿಗೆ ಒಯ್ದು ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಓಡುವುದು ಇರಲಿ, ಭಾರ ಕೂಡ ಎತ್ತಿಸಬೇಡಿ ಎಂದು ಚೀಟಿ ಬರೆದುಕೊಟ್ಟರು. ಅವರದೇನೂ ತಪ್ಪಿಲ್ಲ. ನಾನು ಹೇಳಿದ್ದನ್ನು ನಂಬಿದರು. ಹಿಂದಿನಿಂದ ಬಂದ ಶಾಂತವ್ವ, ಮಗಳು ಶಾಲೆಯಲ್ಲಿ ಉಂಡು ವ್ರತ ಮುರಿದಳೆಂದೇ ನಂಬಿ, ಆ ಚೀಟಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಮರುದಿನಕ್ಕೆ ಊರಿನಲ್ಲಿ ಸುದ್ದಿ ಆಗಿತ್ತು, ಭಾಗ್ಯಾಳಿಗೆ ಹಾರ್ಟಿನ ತ್ರಾಸ. ನಮ್ಮಲ್ಲಿ ಹೆಣ್ಣುಮಗುವಿಗೆ ಆ ಹೆಸರು ಒಮ್ಮೆ ಹತ್ತಿದರೆ ಸಂಬಂಧ ಕೇಳಿಕೊಂಡು ಯಾರೂ ಹೊಸ್ತಿಲು ತುಳಿಯುವುದಿಲ್ಲ. ಅವಳಪ್ಪ ಶಾಲೆ ಬಿಡಿಸುತ್ತೇನೆ ಎಂದ. ಶಾಲಾ ಸಮಿತಿಯ ಅಧ್ಯಕ್ಷರು, ಹುಡುಗಿಯರನ್ನು ಓಡಿಸಿದ್ದೇ ತಪ್ಪು, ಈ ಮಾಸ್ತರ ನಮಗೆ ಬೇಡ ಎಂದು ಅರ್ಜಿ ಬರೆಸಿದರು. ತಳವಾರ ಸರ್‌ಗೆ ಶಿಕ್ಷಣ ಇಲಾಖೆಯಿಂದ ನೋಟೀಸು ಬಂತು. ಗುರುವಾರ ಅವರು ಅಡುಗೆಮನೆಯ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ.

"ಆಯಿ, ನಿಮ್ಮ ಟಿಕ್ ನೋಡಿ ಓಡಿಸೀನಿ ಅಂತ ನಾ ಬರ್ದು ಕೊಡಬೇಕು. ಹುಡುಗಿ ಉಂಡಿದ್ಲು, ಹೌದಲ್ರಿ?"

ಹೌದ್ರಿ ಎಂದೆ. ಎರಡನೇ ಸಲ. ಮಾಬೂಬಿ ಸೌಟು ಕೆಳಗಿಟ್ಟು ಹೊರಗೆ ಹೋದಳು.

ಶುಕ್ರವಾರ ಶಾಂತವ್ವನ ಮನೆಗೆ ಹೋದೆ. ಹುಡುಗಿಯನ್ನು ನೋಡಿ ಬರಲು ಹೋದೆ ಎಂದು ಹೇಳಿಕೊಂಡೆ. ಖರೆ ಹೇಳಬೇಕೆಂದರೆ ಅವಳು ಬಾಯಿ ಬಿಟ್ಟಿದ್ದಾಳೋ ಏನೋ ಎಂದು ತಿಳಿದುಕೊಳ್ಳಲು ಹೋಗಿದ್ದೆ. ಶಾಂತವ್ವ ಹೆಸರುಕಾಯಿ ಬಿಡಿಸಲು ಹೊಲಕ್ಕೆ ಹೋಗಿದ್ದಳು. ಭಾಗ್ಯಾ ಹಿತ್ತಲಿನಿಂದ ಒಳಗೆ ಬರುತ್ತಿದ್ದಳು, ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ. ಹೊಸ್ತಿಲ ಹತ್ತಿರ ನಿಂತು ಎದೆಯ ಮೇಲೆ ಕೈಯಿಟ್ಟು ಏನೋ ಎಣಿಸಿದಳು. ನಾಲ್ಕು ದಿನದ ಹಿಂದೆ ಊರ ಹುಡುಗಿಯರನ್ನೆಲ್ಲ ಹಿಂದೆ ಹಾಕಿ ಓಡಿದವಳು.

"ಆಯಿ, ನೀ ಹೇಳಿಲ್ಲ ಹೌದಿಲ್ಲ? ಹೇಳಬ್ಯಾಡ. ಸರ್ ನನ್ನ ತಂಡದಾಗಿಂದ ತೆಗೀತಾರ" ಎಂದಳು.

"ನೀನಽ ಹೇಳಬೇಕಿತ್ತು, ಉಂಡಿಲ್ಲ ಅಂತ" ಎಂದೆ. ನನ್ನ ತಪ್ಪನ್ನು ಆ ಕೂಸಿನ ಮೇಲೆ ಹಾಕಲು ನೋಡಿದೆ. ಅದನ್ನೂ ಬರೆಯುತ್ತೇನೆ.

ಅವಳು ಸಿಟ್ಟಾಗಲಿಲ್ಲ. "ಉಪಾಸಕ್ಕ ಬಿದ್ದೆ ಅಂತ ಮೊದಲ ನಾನೂ ಅನ್ಕೊಂಡಿದ್ದೆ. ಆದರ ಡಾಕ್ಟರ್ ಹಾರ್ಟ್ ಅಂದ್ರಲ್ಲ. ಅವರಿಗೆ ಗೊತ್ತಿರತೈತಿ. ಈಗ ನಡದ್ರ ಸೈತ ಡವಡವ ಅಂತೈತಿ. ಖರೇನ ನಾ ಸಾಯ್ತೇನೇನು, ಆಯಿ?"

ಡಾಕ್ಟರರಿಗೆ ಗೊತ್ತಿದ್ದದ್ದು ನಾನು ಹೇಳಿದ್ದಷ್ಟೇ. ನನ್ನ ಬಾಯಿಂದ ಹೋದ ಎರಡು ಮಾತು ಚೀಟಿಯಾಗಿ ಬಂದು ಆ ಹುಡುಗಿಯನ್ನು ಗೋಡೆ ಹಿಡಿಸಿತ್ತು. ನಾನು ಏನೂ ಹೇಳದೆ ಎದ್ದು ಬಂದೆ. ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ, ಹೆದರಿದೆ. ಇನ್ನೆರಡು ದಿನ ಅವಳು ಹಾಗೇ ಎದೆ ಹಿಡಿದುಕೊಂಡು ಕುಳಿತಳು.

ರವಿವಾರ ಶಾಲೆಯಲ್ಲಿ ಪಾಲಕರ ಸಭೆ ಕರೆದಿದ್ದರು. ಹೊಲದ ಕೆಲಸದವರು ಬೇರೆ ದಿನ ಬರುವುದಿಲ್ಲ. ಹೆಡ್ ಅಕ್ಕೋರು ಠರಾವಿನ ಪುಸ್ತಕ ತೆರೆದು ಕುಳಿತಿದ್ದರು. ಎರಡು ನಿರ್ಣಯ ಬರೆಯುವುದಿತ್ತು: ಇನ್ನು ಮುಂದೆ ಹುಡುಗಿಯರಿಗೆ ಓಟ ಬಂದ್, ತಳವಾರ ಸರ್ ಅವರನ್ನು ವರ್ಗ ಮಾಡಿ ಎಂಬ ಅರ್ಜಿಗೆ ಒಪ್ಪಿಗೆ. ಶಾಂತವ್ವ ಹಿಂದಿನ ಸಾಲಿನಲ್ಲಿ, ಸೆರಗಿನ ಗಂಟು ಕೈಯಲ್ಲಿ ಹಿಡಿದು ಕುಳಿತಿದ್ದಳು. ಸರ್ ಗೋಡೆಗೆ ಒರಗಿ ನಿಂತಿದ್ದರು, ಕುರ್ಚಿ ಇದ್ದರೂ ಕುಳಿತಿರಲಿಲ್ಲ. ಚಹಾ ಹಂಚುವ ಕೆಲಸ ನನ್ನದು. ಅಧ್ಯಕ್ಷರಿಗೆ ಕಪ್ಪು ಕೊಟ್ಟು ಅಲ್ಲೇ ನಿಂತೆ.

"ಹುಡುಗಿ ಉಂಡಿರ್ಲಿಲ್ಲ" ಎಂದೆ.

ಯಾರಿಗೂ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದೆ. "ಶ್ರಾವಣ ಸೋಮವಾರ, ಉಪಾಸ ಇತ್ತು. ತಾಟು ಬರೇ ನೀರಾಗ ಅದ್ದಿಕೊಂಡು ಬಂದಿದ್ಲು. ನನಗ ಗೊತ್ತಾತು. ಗೊತ್ತಾಗಿ ಗುಳಿಗಿ ಕೊಟ್ಟೆ, ಟಿಕ್ ಹಾಕಿದೆ. ವಾಂತಿಯಾಗ ಬರೇ ನೀಲಿ ನೀರಿತ್ತು, ನಾನಽ ತೊಳದೆ. ಡಾಕ್ಟರ್‌ಗೂ ಸುಳ್ಳು ಹೇಳೀನಿ. ಸರ್ ಕೇಳಿದ್ರು, ಅವರಿಗೂ ಸುಳ್ಳು ಹೇಳೀನಿ."

ಅಧ್ಯಕ್ಷರು ಕಪ್ಪು ಕೆಳಗಿಟ್ಟರು. "ಅಂದ್ರ ದೇವರ ಉಪಾಸದಿಂದ ಬಿದ್ಲು ಅಂತೀಯೇನು?"

"ಉಪಾಸಕ್ಕ ಯಾಕ ಬೈಲ್ರಿ. ಉಪಾಸ ನಾನೂ ಇದ್ದೆ, ನಾ ಬೀಳಲಿಲ್ಲ. ನಾ ಗುಳಿಗಿನೂ ನುಂಗಿರ್ಲಿಲ್ಲ, ಓಡೂದೂ ಇರ್ಲಿಲ್ಲ."

ಮಾಬೂಬಿ ಬಾಗಿಲಲ್ಲಿ ನಿಂತು, ಆ ದಿನ ಅರ್ಧ ಪಾತ್ರೆ ಸಾರು ಉಳಿದಿತ್ತು, ನಮ್ಮ ಎಮ್ಮೆ ಕುಡಿದಿದೆ, ಬೇಕಾದರೆ ಅದನ್ನು ಕರೆದು ಕೇಳಿ ಎಂದಳು. ಒಬ್ಬಿಬ್ಬರು ನಕ್ಕರು. ಶಾಂತವ್ವ ನಗಲಿಲ್ಲ. ಎದ್ದು ಸೀದಾ ನನ್ನ ಮುಂದೆ ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ.

"ಆರು ದಿನ," ಎಂದಳು. "ಆರು ದಿನ ಮಗಳ ಮೂಗಿನ ಮುಂದ ಕೈ ಹಿಡದು ಕುಂತೀನಿ, ಉಸಿರು ಐತೋ ಇಲ್ಲೋ ಅಂತ. ನೀ ನಮ್ಮ ಓಣ್ಯಾಗ ಇದ್ದಿ, ಗಂಗವ್ವ."



ಹೆಡ್ ಅಕ್ಕೋರು ಎರಡೂ ನಿರ್ಣಯ ಬರೆಯದೆ ಪುಸ್ತಕ ಮುಚ್ಚಿದರು. ಇದನ್ನೆಲ್ಲ ಬರೆದರೆ ಟಿಕ್ ಹಾಕಿದ ಹಾಳೆಯ ಕೆಳಗೆ ತಮ್ಮ ಸಹಿಯೂ ಇದೆ, ಪುಸ್ತಕ ಅಡುಗೆಯವಳ ಕೈಗೆ ಯಾಕೆ ಕೊಟ್ಟಿರಿ ಎಂದು ಕೇಳುತ್ತಾರೆ ಎಂದು ಅವರಿಗೆ ಗೊತ್ತಿತ್ತು. "ಬಾಯಿಲೆ ಹೇಳಿದ್ದು ಸಾಕು. ಬಿಸಿಲಿಗೆ ಬಿದ್ಲು ಅಂತ ಬರದೈತಿ, ಅದು ಹಾಂಗಽ ಇರ್ಲಿ. ನಾಳಿಂದ ನೀವು ಬರಬ್ಯಾಡ್ರಿ, ನಾವು ಹೇಳೂತನಕ" ಎಂದರು. ಅಡುಗೆಮನೆಯ ಕೀಲಿ ಅವರ ಟೇಬಲ್ಲಿನ ಮೇಲಿಟ್ಟೆ. ಸರ್ ಅಲ್ಲಿಯೇ ನಿಂತಿದ್ದರು. ಅವರ ನೋಟೀಸಿಗೆ ಉತ್ತರ ಕೊಡಲು ಎರಡು ದಿನ ಉಳಿದಿದ್ದವು, ಕೈಯಲ್ಲಿ ನನ್ನ ಬಾಯಿಮಾತು ಬಿಟ್ಟರೆ ಏನೂ ಇರಲಿಲ್ಲ. ಶಾಂತವ್ವನ ಸೆರಗಿನಲ್ಲಿ ಚೀಟಿ ಹಾಗೆಯೇ ಇತ್ತು. ಬರೆದದ್ದೆಲ್ಲ ಸುಳ್ಳಿನ ಕಡೆಗಿತ್ತು.

ಮುಂದೆ ಆದದ್ದನ್ನು ಈಗಲೇ ಹೇಳಿಬಿಡುತ್ತೇನೆ. ನನ್ನನ್ನು ಎರಡು ತಿಂಗಳು ಮನೆಯಲ್ಲಿ ಕೂರಿಸಿದರು, ಆಮೇಲೆ ಕರೆದರು. ಶ್ರಾವಣದಲ್ಲಿ ಗುಳಿಗೆ ಮಂಗಳವಾರಕ್ಕೆ ಹೋಯಿತು. ಒದ್ದೆ ತಾಟು ನೋಡುವುದನ್ನು ಬಿಟ್ಟು ಎಂಜಲು ತಾಟು ನೋಡತೊಡಗಿದೆ. ಉಂಡ ತಾಟು ತೋರಿಸಿ, ಗುಳಿಗೆ ನುಂಗಿ, ಆಮೇಲೆ ತೊಳೆಯಬೇಕು. ನೀವೂ ಹಾಗೆಯೇ ಮಾಡಿ. ಹಾಳೆಯಲ್ಲಿ ಮನೆ ಖಾಲಿ ಇದ್ದರೆ ಖಾಲಿ ಇರಲಿ. ತಳವಾರ ಸರ್ ನಮ್ಮ ಶಾಲೆಯಲ್ಲೇ ಉಳಿದರು, ಆದರೆ ನನ್ನ ಮಾತನ್ನು ಎರಡನೆಯವರ ಹತ್ತಿರ ಕೇಳಿಯೇ ನಂಬುತ್ತಿದ್ದರು. ಭಾಗ್ಯಾಳ ಹೃದಯದಲ್ಲಿ ಏನೂ ಇರಲಿಲ್ಲ. ಆ ವರ್ಷ ಓಡಲಿಲ್ಲ, ಮುಂದಿನ ವರ್ಷ ತಾಲೂಕಿಗೆ ಹೋಗಿ ಮೂರನೆಯವಳಾಗಿ ಬಂದಳು. ಶಾಂತವ್ವ ಇವತ್ತಿಗೂ ನಮ್ಮ ಮನೆಯ ನೀರು ಮುಟ್ಟುವುದಿಲ್ಲ.

ಸಭೆಯ ಮರುದಿನ ಬೆಳಿಗ್ಗೆ ಮತ್ತೆ ಶ್ರಾವಣ ಸೋಮವಾರ. ನಾನು ಉಪವಾಸ ಹಿಡಿಯಲಿಲ್ಲ. ಎರಡು ರೊಟ್ಟಿ ತಿಂದೆ, ಮಾತಾಡುವಾಗ ತಲೆ ತಿರುಗಬಾರದೆಂದು. ಏಳು ಗಂಟೆಯ ಬಸ್ಸಿಗೆ ದವಾಖಾನೆಗೆ ಹೋಗಿ ಬಾಗಿಲ ಮುಂದೆ ಕುಳಿತೆ. ಡಾಕ್ಟರರು ಬಂದ ಕೂಡಲೇ ಎದ್ದು ನಿಂತು, ಹೋದ ಸೋಮವಾರ ನಿಮಗೆ ಸುಳ್ಳು ಹೇಳಿದವಳು ನಾನು ಎಂದೆ. ಒಳಗೆ ಕರೆದರು, ಎಲ್ಲ ಕೇಳಿದರು. ಬೈಯಲಿಲ್ಲ. ಆದರೂ ಹೃದಯದ ಪರೀಕ್ಷೆ ಒಮ್ಮೆ ಆಗಿಬಿಡಲಿ, ಆದರೆ ಹುಡುಗಿಗೆ ಹೆದರಬೇಡ ಎಂದು ಇವತ್ತೇ ಹೇಳಿ ಕಳಿಸುತ್ತೇನೆ ಎಂದರು. ಆಮೇಲೆ ಒಂದು ಹಾಳೆ, ಪೆನ್ನು ಮುಂದಿಟ್ಟರು. "ಈಗ ಹೇಳಿದ್ದು ಬರ್ದು ಕೊಡ್ರಿ."

ನಾಲ್ಕನೇ ಇಯತ್ತೆ ಬಿಟ್ಟ ಮೇಲೆ ಸಹಿ ಮತ್ತು ಟಿಕ್ ಬಿಟ್ಟು ನಾನೇನೂ ಬರೆದಿರಲಿಲ್ಲ. ಹೊತ್ತು ಹಿಡಿಯಿತು. ಹೊರಗೆ ಸಾಲಿನಲ್ಲಿ ನಿಂತವರು ಗೊಣಗಿದರು. ಹುಡುಗಿ ಉಂಡಿರಲಿಲ್ಲ, ನನಗೆ ಗೊತ್ತಿತ್ತು, ಗುಳಿಗೆ ನಾನು ಕೊಟ್ಟೆ, ಮಾಸ್ತರರಿಗೆ ಗೊತ್ತಿರಲಿಲ್ಲ ಎಂದು ಬರೆದು ಕೆಳಗೆ ಸಹಿ ಹಾಕಿದೆ. ಡಾಕ್ಟರರು ಅದನ್ನು ಓದಿ ಭಾಗ್ಯಾಳ ಕೇಸ್ ಪೇಪರಿಗೆ ಪಿನ್ನು ಚುಚ್ಚಿದರು.

ನಾನು ಏಳಲಿಲ್ಲ. ಇನ್ನೊಂದು ಹಾಳೆ ಕೊಡ್ರಿ ಎಂದೆ. ತಳವಾರ ಸರ್‌ಗೂ ನೋಟೀಸಿನ ಉತ್ತರಕ್ಕೆ ಒಂದು ಬೇಕಿತ್ತು.